ಮಹಜರಿನಲ್ಲಿ ಇಲ್ಲದ ಕಲ್ಲು

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ತಲಪಾಡಿ ಗಡಿಯಿಂದ ಚೆಂಗಳದವರೆಗಿನ ಸುಮಾರು 39 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಿಗೆ ಹಿಗ್ಗಿದೆ. ಹೊಸಂಗಡಿ, ಉಪ್ಪಳ, ಕುಂಬಳೆ, ಮೊಗ್ರಾಲ್ ಪೇಟೆಗಳ ನಡುವೆ ಹಾದುಹೋಗುತ್ತಿದ್ದ ಇಕ್ಕಟ್ಟಿನ ದಾರಿಯ ಜಾಗದಲ್ಲಿ 45 ಮೀಟರ್ ಅಗಲದ ರಸ್ತೆ ಬಂದಿದೆ. ಪ್ರಯಾಣದ ಹೊತ್ತು ಕಡಿಮೆಯಾಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಅಗಲೀಕರಣದ ಸುದ್ದಿಗಳನ್ನು ಓದುತ್ತ ಬಂದವರಿಗೆ ಒಂದು ಪ್ರಶ್ನೆ ಬಗೆಹರಿದಿಲ್ಲ. ಬೇಕಲ ಕೋಟೆಯ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಗಿನ 200 ಮೀಟರಿನಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು. ಇಷ್ಟು ಬಿಗಿಯಾದ ಕಾನೂನು ಇರುವ ಜಿಲ್ಲೆಯಲ್ಲೇ ಹಳೆಯ ರಸ್ತೆಯ ಅಂಚಿನ ಮೈಲಿಗಲ್ಲು, ಮುರಕಲ್ಲಿನ ಬಾವಿ, ಅಶ್ವತ್ಥಕಟ್ಟೆ, ತಲೆಹೊರೆ ಇಳಿಸಲು ನಿಲ್ಲಿಸಿದ ಕಲ್ಲು ಇವುಗಳನ್ನು ಜೆಸಿಬಿ ಒಂದು ಮಧ್ಯಾಹ್ನದಲ್ಲಿ ತೆಗೆದುಹಾಕಬಹುದು ಎಂದಾದರೆ, ಆ ಕಾನೂನು ಯಾರಿಗಾಗಿ ಇದೆ?

ಇಲ್ಲಿ ಕಾನೂನು ಮುರಿದಿಲ್ಲ ಎಂಬುದೇ ಈ ಪ್ರಶ್ನೆಗೆ ಸಿಗುವ ನಿಜವಾದ ಉತ್ತರ. ರಸ್ತೆ ಬದಿಯ ಚರಿತ್ರೆ ನಾಶವಾಗಲು ಯಾರೂ ತಪ್ಪು ಮಾಡಬೇಕಾಗಿಲ್ಲ. ಎಲ್ಲರೂ ತಮ್ಮ ತಮ್ಮ ಕಡತದ ಪ್ರಕಾರ ಸರಿಯಾಗಿಯೇ ನಡೆದುಕೊಂಡರೂ ಅದು ಹೋಗಿಬಿಡುತ್ತದೆ. ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ನೂರು ವರ್ಷದ ಲೆಕ್ಕ

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ವ್ಯಾಖ್ಯೆ ಉದಾರವಾಗಿದೆ. ನೂರು ವರ್ಷಕ್ಕಿಂತ ಕಡಿಮೆಯಿಲ್ಲದಷ್ಟು ಕಾಲದಿಂದ ಇರುವ, ಚಾರಿತ್ರಿಕ ಇಲ್ಲವೇ ಕಲಾತ್ಮಕ ಮಹತ್ವದ ಕಟ್ಟಡ, ಶಾಸನ, ಏಕಶಿಲೆ ಎಲ್ಲವೂ ಅದರ ಪ್ರಕಾರ ಪ್ರಾಚೀನ ಸ್ಮಾರಕವೇ. ಕೇರಳ 1968ರಲ್ಲಿ ತಂದ ತನ್ನದೇ ಕಾಯ್ದೆಯೂ ಇದೇ ಜಾಡಿನದು. ಇಷ್ಟನ್ನೇ ಓದಿದವರು ಹಳೆಯ ಕಲ್ಲೆಲ್ಲ ಸುರಕ್ಷಿತ ಎಂದುಕೊಳ್ಳುತ್ತಾರೆ.

ಆದರೆ ‘ಪ್ರಾಚೀನ’ವಾಗಿರುವುದು ಬೇರೆ, ‘ಸಂರಕ್ಷಿತ’ವಾಗಿರುವುದು ಬೇರೆ. ಸರ್ಕಾರ ಅಧಿಸೂಚನೆ ಹೊರಡಿಸಿ, ಎರಡು ತಿಂಗಳು ಆಕ್ಷೇಪಣೆಗೆ ಕಾದು, ಪಟ್ಟಿಗೆ ಸೇರಿಸಿದ್ದಕ್ಕೆ ಮಾತ್ರ ರಕ್ಷಣೆ. ಬೇಕಲ ಕೋಟೆ ಕೇಂದ್ರದ ಪಟ್ಟಿಯಲ್ಲಿದೆ, ಚಂದ್ರಗಿರಿ ಕೋಟೆ ರಾಜ್ಯದ ಪಟ್ಟಿಯಲ್ಲಿದೆ. ಇಡೀ ದೇಶದಲ್ಲಿ ಕೇಂದ್ರದ ಪಟ್ಟಿ ಸೇರಿದವು 3,700ರಷ್ಟೂ ಇಲ್ಲ. ಉಳಿದ ಲಕ್ಷಾಂತರ ಕಲ್ಲು, ಕಟ್ಟೆ, ಬಾವಿಗಳಿಗೆ ವಯಸ್ಸಿದೆ, ಹೆಸರಿಲ್ಲ.

ಪಟ್ಟಿಯಲ್ಲಿದ್ದರೂ ಸಾಲದು ಎಂಬುದಕ್ಕೆ ರಸ್ತೆ ಬದಿಯ ಕಲ್ಲಿನದೇ ಉದಾಹರಣೆಯೊಂದಿದೆ. 2024ರ ಮಾರ್ಚ್‌ನಲ್ಲಿ ಪುರಾತತ್ವ ಇಲಾಖೆ 18 ಸ್ಮಾರಕಗಳನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು. ಅವುಗಳಲ್ಲಿ ಒಂದು ಹರಿಯಾಣದ ಮುಜೇಸರ್ ಗ್ರಾಮದ ಕೋಸ್ ಮಿನಾರ್ ಸಂಖ್ಯೆ 13. ಮೊಗಲರ ಕಾಲದ ಹೆದ್ದಾರಿಯಲ್ಲಿ ದೂರ ತೋರಿಸುತ್ತಿದ್ದ ಗೋಪುರ ಅದು. ಅದಕ್ಕೂ ಹಿಂದೆ, 2013ರಲ್ಲಿ, ಮಹಾಲೇಖಪಾಲರ ವರದಿ 92 ಸಂರಕ್ಷಿತ ಸ್ಮಾರಕಗಳು ಕಾಣೆಯಾಗಿವೆ ಎಂದು ಹೇಳಿತ್ತು. ಆಮೇಲಿನ ಹುಡುಕಾಟದಲ್ಲಿ 42 ಸಿಕ್ಕವು. 14 ನಗರ ಬೆಳೆದ ರಭಸಕ್ಕೆ ಹೋಗಿದ್ದವು, 12 ಜಲಾಶಯಗಳಲ್ಲಿ ಮುಳುಗಿದ್ದವು, 24ರ ಸುಳಿವೇ ಸಿಗಲಿಲ್ಲ. ಕಾರಣ ಕೇಳಿದ ಸಂಸದೀಯ ಸಮಿತಿಗೆ ಗೊತ್ತಾದ ಇನ್ನೊಂದು ಅಂಕಿ ಹೆಚ್ಚು ಯೋಚನೆಗೆ ಹಚ್ಚುವಂಥದು: 3,693 ಸ್ಮಾರಕಗಳ ಪೈಕಿ ಕಾವಲಿನ ಸಿಬ್ಬಂದಿ ಇದ್ದದ್ದು 248ರಲ್ಲಿ ಮಾತ್ರ. ಹಾಗಾದರೆ ಕಾಗದ ಒಂದೇ ಕಲ್ಲನ್ನು ಕಾಯುವುದಿಲ್ಲ, ದಿನವೂ ಅದರ ಮುಂದೆ ಹಾದುಹೋಗುವ, ನೋಡುವುದು ತನ್ನ ಕೆಲಸ ಎಂದುಕೊಂಡ ಒಬ್ಬ ನೌಕರನೂ ಬೇಕು.

ವಾರಸುದಾರರಿಲ್ಲದ್ದು

ಹೆದ್ದಾರಿಗೆ ಜಾಗ ಪಡೆಯುವ ಕ್ರಮ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿದೆ. ಮೊದಲು ಜಾಗ ಬೇಕೆಂಬ ಅಧಿಸೂಚನೆ, ಆಮೇಲೆ ಆಕ್ಷೇಪಣೆಗೆ 21 ದಿನ, ಅನಂತರ ಘೋಷಣೆ. ಘೋಷಣೆಯಾದ ಕ್ಷಣ ಜಾಗ ಎಲ್ಲ ಋಣಭಾರಗಳಿಂದ ಮುಕ್ತವಾಗಿ ಕೇಂದ್ರ ಸರ್ಕಾರದ್ದಾಗುತ್ತದೆ. ಈ ನಡುವೆ ಸರ್ವೆಯವರು ಬಂದು ಅಳೆಯುತ್ತಾರೆ. ಗೋಡೆ, ಮನೆ, ಅಂಗಡಿ, ಬಾವಿ, ತೆಂಗು, ಅಡಿಕೆ ಎಂದು ಒಂದೊಂದನ್ನೂ ಬರೆದುಕೊಳ್ಳುತ್ತಾರೆ. ಕಟ್ಟಡಕ್ಕೆ ಲೋಕೋಪಯೋಗಿ ಇಲಾಖೆ ಬೆಲೆ ಕಟ್ಟುತ್ತದೆ, ಮರಗಿಡಗಳಿಗೆ ಬೇರೆ ಇಲಾಖೆ. ಕೇರಳದಲ್ಲಿ ಈ ಕೆಲಸ ಸಾಕಷ್ಟು ಕಟ್ಟುನಿಟ್ಟಾಗಿ ನಡೆಯಿತು. ಭೂಸ್ವಾಧೀನದ ವೆಚ್ಚದಲ್ಲಿ 25 ಶೇಕಡಾ ಪಾಲನ್ನು ರಾಜ್ಯವೇ ಹೊತ್ತದ್ದರಿಂದ ಲೆಕ್ಕವೂ ಬಿಗಿಯಾಗಿಯೇ ಇತ್ತು.

ಈ ಮಹಜರು ಇಷ್ಟು ವಿವರವಾಗಿರುವುದು ಪರಿಹಾರ ಕೊಡಲಿಕ್ಕಾಗಿ. ಪರಿಹಾರ ಕೇಳುವವರು ಇದ್ದಾಗ ಒಂದೂ ತೆಂಗಿನ ಸಸಿ ಬಿಟ್ಟುಹೋಗುವುದಿಲ್ಲ. ಆಡಳಿತ ಸಮಿತಿ ಇರುವ ದೇವಸ್ಥಾನ, ಮಸೀದಿ, ದೈವಸ್ಥಾನಗಳೂ ಬಿಟ್ಟುಹೋಗುವುದಿಲ್ಲ; ಅಲ್ಲಿ ಮಾತುಕತೆ ನಡೆಯುತ್ತದೆ, ಸ್ಥಳಾಂತರಕ್ಕೆ ಸಮಯ ಸಿಗುತ್ತದೆ. ರಸ್ತೆ ಪೊರಂಬೋಕಿನಲ್ಲಿ ನಿಂತ ಮೈಲಿಗಲ್ಲಿಗೆ ಮಾತ್ರ ಯಾರೂ ಇಲ್ಲ. ಅದು ಮೊದಲೇ ಸರ್ಕಾರದ ಜಾಗ. ಸರ್ಕಾರ ತನಗೆ ತಾನೇ ಪರಿಹಾರ ಕೊಡುವುದಿಲ್ಲವಾದ್ದರಿಂದ ಆ ಕಲ್ಲನ್ನು ಬರೆದುಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಬರೆದುಕೊಳ್ಳದ ವಸ್ತು ಗುತ್ತಿಗೆದಾರನ ಪಾಲಿಗೆ ತೆರವುಗೊಳಿಸಬೇಕಾದ ಕಸವಾಗುತ್ತದೆ. ಊರಿನವರೆಲ್ಲರಿಗೂ ಸೇರಿದ್ದು ಎನ್ನುವ ಗುಣವೇ ಅದಕ್ಕೆ ಮುಳುವಾಯಿತು.

ಇದಕ್ಕೆ ಪಕ್ಕದಲ್ಲೇ ಇಟ್ಟು ನೋಡಬೇಕಾದ ಇನ್ನೊಂದು ಕಾನೂನಿದೆ. 2024ರ ಜುಲೈನಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ಮಳೆಗುಂಡಿ ತೋಡುತ್ತಿದ್ದ ಉದ್ಯೋಗ ಖಾತರಿ ಕಾರ್ಮಿಕ ಮಹಿಳೆಯರಿಗೆ ಚಿನ್ನದ ಮಣಿ, ಪದಕ, ಬೆಳ್ಳಿ ನಾಣ್ಯಗಳು ಸಿಕ್ಕವು. ಅವರು ಪೊಲೀಸರಿಗೆ ತಿಳಿಸಿದರು, ಪುರಾತತ್ವ ಇಲಾಖೆ ಬಂತು, ಪರಿಶೀಲನೆ ನಡೆಯಿತು. 2025ರ ಆರಂಭದಲ್ಲಿ ನಮ್ಮ ಕುಂಬಳೆ ಬಳಿಯ ಆರಿಕ್ಕಾಡಿ ಕೋಟೆಯ ಬಾವಿಗೆ ನಿಧಿ ಹುಡುಕಲು ಇಳಿದವರನ್ನು ಪೊಲೀಸರು ಹಿಡಿದರು. ಎರಡೂ ಕಡೆ ವ್ಯವಸ್ಥೆ ಕೆಲಸ ಮಾಡಿತು, ಏಕೆಂದರೆ ನಿಧಿ ಕಾನೂನು 1878ರಿಂದಲೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದೆ: ಮಣ್ಣಿನಲ್ಲಿ ಅಡಗಿದ್ದ ಬೆಲೆಯುಳ್ಳ ವಸ್ತು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಮಣ್ಣಿನೊಳಗೆ ಅಡಗಿದ್ದಕ್ಕೆ ದಾರಿಯಿದೆ. ಇನ್ನೂರು ವರ್ಷ ಎಲ್ಲರ ಕಣ್ಣೆದುರು ನಿಂತದ್ದಕ್ಕೆ ಇಲ್ಲ.

ನಡೆದು ಬರೆದವರು

ಹಾಗಾದರೆ ನಮಗೆ ಇವತ್ತು ಗೊತ್ತಿರುವಷ್ಟಾದರೂ ಹೇಗೆ ಉಳಿಯಿತು? ಕಾಸರಗೋಡಿನ ಮಟ್ಟಿಗೆ ಉತ್ತರ ಸರಳ: ಸಂಬಳಕ್ಕೆ ದುಡಿದ ಕೆಲವರು ಸಂಬಳ ಕೇಳುವುದಕ್ಕಿಂತ ಹೆಚ್ಚಿನದನ್ನು ಬರೆದಿಟ್ಟರು.

1801ರ ಜನವರಿಯಲ್ಲಿ ಫ್ರಾನ್ಸಿಸ್ ಬುಕನನ್ ಮಲಬಾರಿನಿಂದ ಹೊಸದುರ್ಗ, ಬೇಕಲ, ಕುಂಬಳೆ, ಮಂಜೇಶ್ವರಗಳ ಮೂಲಕ ಮಂಗಳೂರಿನ ಕಡೆಗೆ ಬಂದ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಆತ. ಕಂದಾಯ, ಬೆಳೆ, ಜನರ ಬಗ್ಗೆ ತಿಳಿದುಬರಲು ಗವರ್ನರ್ ಜನರಲ್ ಕಳಿಸಿದ್ದ. ದಾರಿಯಲ್ಲಿ ಕಂಡದ್ದನ್ನು ದಿನದಿನವೂ ಬರೆದ. ಆಳುವವರ ಅಗತ್ಯಕ್ಕಾಗಿ ನಡೆದ ಕೆಲಸ ಅದು, ಅದನ್ನು ಮರೆಯಬೇಕಾಗಿಲ್ಲ. ಆದರೂ ಈ ಕರಾವಳಿಯ ದಾರಿ ಇನ್ನೂರು ವರ್ಷದ ಹಿಂದೆ ಹೇಗಿತ್ತು ಎಂದು ತಿಳಿಯಲು ಇಂದಿಗೂ ತೆರೆಯುವುದು ಆ ದಿನಚರಿಯನ್ನೇ.

1882ರಲ್ಲಿ ರಾಬರ್ಟ್ ಸೆವೆಲ್ ಎಂಬ ಸಿವಿಲ್ ಅಧಿಕಾರಿ ಮದ್ರಾಸ್ ಪ್ರಾಂತ್ಯದ ಪುರಾತನ ಅವಶೇಷಗಳ ಪಟ್ಟಿಯ ಮೊದಲ ಸಂಪುಟ ಪ್ರಕಟಿಸಿದ. ಜಿಲ್ಲೆ, ತಾಲೂಕು, ಗ್ರಾಮ, ಅಲ್ಲಿ ಏನಿದೆ ಎಂಬ ಕ್ರಮ. 1886ರಲ್ಲಿ ಮದ್ರಾಸಿನಲ್ಲಿ ಶಾಸನತಜ್ಞರ ಹುದ್ದೆಗೆ ಹುಲ್ಷ್ ಬಂದ ಮೇಲೆ ಇಲಾಖೆಯ ಸಹಾಯಕರು ಊರೂರು ತಿರುಗಿ ಶಾಸನಗಳ ಪಡಿಯಚ್ಚು ತೆಗೆಯತೊಡಗಿದರು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಗೆ ಕೂರಿಸಿ, ಮೇಲೆ ಮಸಿ ಒತ್ತುವ ಕೆಲಸ. ನಡುಮಧ್ಯಾಹ್ನದ ಬಿಸಿಲಲ್ಲಿ ಕಾಗದ ಬೇಗ ಒಣಗಿ ಏಳುತ್ತದೆ, ಮಳೆಗಾಲದಲ್ಲಿ ಒಣಗುವುದೇ ಇಲ್ಲ. ತುಳುನಾಡಿನಂಥ ಮಳೆಯ ನಾಡಿನಲ್ಲಿ ಇದನ್ನು ಮಾಡಿದವರ ಹೆಸರುಗಳು ಹೆಚ್ಚಾಗಿ ವಾರ್ಷಿಕ ವರದಿಗಳ ಆಚೆ ಬರಲಿಲ್ಲ. ದಕ್ಷಿಣ ಕನ್ನಡದ ನೂರಾರು ಶಾಸನಗಳ ಪಾಠ 1932ರಲ್ಲಿ ಅಚ್ಚಾದ ಸಂಪುಟದಲ್ಲಿ ಉಳಿದದ್ದು ಆ ಕೈಗಳಿಂದ. ಅದೇ ಶಾಸನ ವಿಭಾಗದಲ್ಲಿ ದುಡಿದ ಕೆ.ವಿ. ರಮೇಶ್ 1970ರಲ್ಲಿ ಈ ಜಿಲ್ಲೆಯ ಚರಿತ್ರೆ ಬರೆದಾಗ ಆಧಾರವಾಗಿ ನಿಂತದ್ದೂ ಅವೇ ಶಾಸನಗಳು.

ಇನ್ನೂ ಹತ್ತಿರದ ಉದಾಹರಣೆ ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರದು. ವೃತ್ತಿಯಿಂದ ಶಾಲಾ ಶಿಕ್ಷಕರು. ತುಳು ಲಿಪಿಯ ತಾಳೆಗರಿಗಳನ್ನು ಹುಡುಕಿ, ಓದಿ, ಸಂಪಾದಿಸಿ, ತುಳುವಿಗೆ ಹಳೆಯ ಕಾವ್ಯಗಳಿಲ್ಲ ಎಂಬ ಮಾತನ್ನೇ ಅಳಿಸಿಹಾಕಿದರು. ಅವರ ನೇಮಕದ ಆದೇಶದಲ್ಲಿ ಇಂಥ ಕೆಲಸದ ಉಲ್ಲೇಖ ಇದ್ದಿರಲಾರದು.

ಇವರ ಬದುಕನ್ನು ಹೊಗಳುವುದು ಸುಲಭ, ನ್ಯಾಯವೂ ಹೌದು. ಆದರೆ ಹೊಗಳಿಕೆಯಲ್ಲಿ ಒಂದು ಅಪಾಯವಿದೆ. ಒಬ್ಬ ನೌಕರನ ವೈಯಕ್ತಿಕ ಆಸಕ್ತಿಯ ಮೇಲೆ ನಿಂತ ರಕ್ಷಣೆ ಆತನ ವರ್ಗಾವಣೆಯ ದಿನ ಮುಗಿಯುತ್ತದೆ. ಹಿಂದಿನ ಪಟೇಲ, ಶಾನುಭೋಗ, ಉಗ್ರಾಣಿಗಳು ಅದೇ ಊರಿನವರು, ತಲೆಮಾರು ಅಲ್ಲೇ ಇದ್ದವರು. ಯಾವ ಕಲ್ಲು ಯಾವ ಗಡಿಗೆ ಎಂದು ಅವರಿಗೆ ಬಾಯಿಪಾಠವಿತ್ತು. ಅವರ ಅಧಿಕಾರದ ಹುಳುಕುಗಳು ಬೇರೆ ವಿಷಯ. ಇಂದಿನ ಗ್ರಾಮಾಧಿಕಾರಿ ಕೆಲವೇ ವರ್ಷ ಒಂದು ಕಚೇರಿಯಲ್ಲಿರುತ್ತಾರೆ, ಕಾಸರಗೋಡಿಗೆ ಬರುವವರಲ್ಲಿ ಅನೇಕರಿಗೆ ಕನ್ನಡದ ಹಳೆಯ ಕಡತ ಓದಲು ಬಾರದು. ಊರಿನ ನೆನಪು ಕಚೇರಿಯಿಂದ ಹೊರಬಿದ್ದದ್ದು ಹೀಗೆ, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ.

ಧರ್ಮಪುರಿಯ ಕಲ್ಲು ಕಲಿಸುವುದು

ವ್ಯವಸ್ಥೆಯೇ ಮುಂದೆ ಬಂದರೆ ಏನಾಗುತ್ತದೆ ಎಂದು ನೋಡಲು ಇನ್ನೊಂದು ಗಡಿಜಿಲ್ಲೆಗೆ, ಕನ್ನಡಿಗರೂ ನೆಲೆಸಿರುವ ತಮಿಳುನಾಡಿನ ಧರ್ಮಪುರಿಗೆ ಹೋಗಬೇಕು. ಅಲ್ಲಿ ಸುಮಾರು 13ನೇ ಶತಮಾನದ ದಾರಿಗಲ್ಲೊಂದು ಸಿಕ್ಕಿದೆ. ‘ಅದಿಯಮಾನ್ ಪೆರುವಳಿ’, ಅಂದರೆ ಅಲ್ಲಿನ ಅರಸ ಅದಿಯಮಾನನ ಹೆದ್ದಾರಿ. ನಾವಲ್‌ತಾವಳ ಎಂಬ ಸ್ಥಳಕ್ಕೆ 29 ಕಾದಂ ಎಂದು ಅದರ ಮೇಲಿದೆ. ಕಾದಂ ಎಂದರೆ ನಮ್ಮ ಗಾವುದದಂಥ ಅಳತೆ. ಆ ಕಲ್ಲಿನಲ್ಲಿ ಅಂಕಿಯ ಜೊತೆಗೆ ಎರಡು ದೊಡ್ಡ ಗುಳಿ, ಒಂಬತ್ತು ಚಿಕ್ಕ ಗುಳಿಗಳನ್ನೂ ಕೊರೆದಿದ್ದಾರೆ. ಎರಡು ಹತ್ತು, ಒಂಬತ್ತು ಬಿಡಿ. ಓದಲು ಬಾರದ ಎತ್ತಿನವನೂ ಕತ್ತಲಲ್ಲಿ ಕೈಯಾಡಿಸಿ ದೂರ ತಿಳಿಯಬಹುದಿತ್ತು. ಎಂಟುನೂರು ವರ್ಷದ ಹಿಂದೆ ಆ ಕಲ್ಲು ನಿಲ್ಲಿಸಿದವರು ದಾರಿಹೋಕನ ಬಗ್ಗೆ ಇಷ್ಟು ಯೋಚಿಸಿದ್ದರು.

ಇಂಥವು ಉಳಿದದ್ದು ಆಕಸ್ಮಿಕವಲ್ಲ. ತಮಿಳುನಾಡು 1961ರಲ್ಲಿ ತನ್ನದೇ ಪುರಾತತ್ವ ಇಲಾಖೆ ಕಟ್ಟಿತು. ಆರ್. ನಾಗಸ್ವಾಮಿ ನಿರ್ದೇಶಕರಾಗಿದ್ದ ವರ್ಷಗಳಲ್ಲಿ ಇಲಾಖೆಯವರು ಚೆಂಗಂ, ಧರ್ಮಪುರಿ ಸೀಮೆಯ ಗ್ರಾಮಗಳನ್ನು ಒಂದೊಂದಾಗಿ ಸುತ್ತಿ ಹೊಲದ ಬದು, ದಾರಿಯ ಅಂಚು, ಕೆರೆಯ ಏರಿಗಳಲ್ಲಿದ್ದ ವೀರಗಲ್ಲುಗಳನ್ನು ದಾಖಲಿಸಿ ಪ್ರಕಟಿಸಿದರು. ಸುತ್ತುವುದೇ ಅವರ ನೌಕರಿಯಾಗಿತ್ತು. ಒಬ್ಬನ ಹವ್ಯಾಸಕ್ಕೂ ಒಂದು ಇಲಾಖೆಯ ಕರ್ತವ್ಯಕ್ಕೂ ಇರುವ ವ್ಯತ್ಯಾಸ ಅಲ್ಲಿದೆ.

ಎಣಿಕೆಯ ಬಲಕ್ಕೆ ತೀರ ಈಚಿನ ನಿದರ್ಶನ ಹೈದರಾಬಾದ್–ವಿಜಯಪುರ ಹೆದ್ದಾರಿಯದು. ತೆಲಂಗಾಣದ ಚೇವೆಳ್ಳ ಭಾಗದಲ್ಲಿ ರಸ್ತೆಯ ಎರಡೂ ಬದಿ ಸುಮಾರು 900 ಆಲದ ಮರಗಳಿವೆ. ನಾಗರಿಕರು ಅವುಗಳನ್ನು ಒಂದೊಂದಾಗಿ ಎಣಿಸಿ, ಗುರುತಿಸಿ ಹಸಿರು ನ್ಯಾಯಮಂಡಳಿಗೆ ಹೋದರು. ಕೊನೆಗೆ ಬಹುಪಾಲು ಮರಗಳನ್ನು ಇದ್ದಲ್ಲೇ ಉಳಿಸುವಂತೆ ರಸ್ತೆಯ ನಕ್ಷೆ ಬದಲಾಗಬೇಕಾಯಿತು. ಎಣಿಸಿದ ಮರದ ಬಗ್ಗೆ ವಾದ ಮಾಡಬಹುದು. ಎಣಿಸದ ಮರ ಹೋದದ್ದೂ ಗೊತ್ತಾಗುವುದಿಲ್ಲ.

ಹೆಸರೂ ರಸ್ತೆ ಬದಿಯದೇ

ಕಾಸರಗೋಡಿನ ಕನ್ನಡಿಗರಿಗೆ ರಸ್ತೆ ಬದಿಯ ಚರಿತ್ರೆ ಎಂದರೆ ಕಲ್ಲಿನಷ್ಟೇ ಊರಿನ ಹೆಸರು. 2021ರಲ್ಲಿ ಎದ್ದ ಗದ್ದಲ ನೆನಪಿರಬಹುದು. ಕಾಸರಗೋಡಿನ ಕೆಲವು ಊರುಗಳ ಹೆಸರು ಬದಲಾಗುತ್ತಿದೆ ಎಂಬ ಸುದ್ದಿ ಬಂತು. ಕರ್ನಾಟಕದ ನಾಯಕರು ಕೇರಳದ ಮುಖ್ಯಮಂತ್ರಿಗೆ ಪತ್ರ ಬರೆದರು. ಅಂಥ ನಿರ್ಧಾರವೇ ಇಲ್ಲ ಎಂದು ಕೇರಳದ ಕಡೆಯಿಂದ ಸ್ಪಷ್ಟನೆ ಬಂತು. ಓದುಗರಿಗೆ ಯಾರನ್ನು ನಂಬಬೇಕೆಂದು ತಿಳಿಯಲಿಲ್ಲ. ಇಬ್ಬರ ಮಾತಿನಲ್ಲೂ ಹುರುಳಿತ್ತು.

ಒಂದು ಊರಿನ ಹೆಸರನ್ನು ಕಾನೂನಿನ ಪ್ರಕಾರ ಬದಲಿಸಲು ರಾಜ್ಯದ ಪ್ರಸ್ತಾವ ಬೇಕು, 1953ರ ಮಾರ್ಗಸೂಚಿಯಂತೆ ಕೇಂದ್ರ ಗೃಹ ಇಲಾಖೆಯ ಒಪ್ಪಿಗೆ ಬೇಕು. 2014ರಲ್ಲಿ ಬೆಂಗಳೂರು, ಮಂಗಳೂರು ಸೇರಿದಂತೆ ಕರ್ನಾಟಕದ 12 ಊರುಗಳ ಇಂಗ್ಲಿಷ್ ರೂಪ ತಿದ್ದಿದ್ದು ಈ ಹಾದಿಯಲ್ಲೇ. ಕಾಸರಗೋಡಿನಲ್ಲಿ ಅಂಥ ಪ್ರಕ್ರಿಯೆ ನಡೆದಿರಲಿಲ್ಲ, ಆದ್ದರಿಂದ ಸ್ಪಷ್ಟನೆ ಸರಿ. ಆದರೆ ಹೆಸರು ಆದೇಶದಿಂದ ಮಾತ್ರ ಬದಲಾಗುವುದಿಲ್ಲ. ಫಲಕ ಬರೆಯುವವರು ಮಲಯಾಳದ ಉಚ್ಚಾರಣೆಯನ್ನು ಇಂಗ್ಲಿಷಿಗೆ ಇಳಿಸುತ್ತಾರೆ, ಕನ್ನಡದಲ್ಲಿ ಬರೆದರೂ ಆ ಇಂಗ್ಲಿಷಿನಿಂದಲೇ ತೆಗೆದು ಬರೆಯುತ್ತಾರೆ. ಬೇಡಡ್ಕ ಬೇಡಗಂ ಆಗುತ್ತದೆ, ಕಾರಡ್ಕ ಕಾಡಗಂ, ಪಿಲಿಕುಂಜೆ ಪಿಲಿಕುನ್ನು. ಯಾರೂ ಸಹಿ ಹಾಕದೆಯೇ ಹೆಸರು ಬದಲಾಯಿತು. ಆದ್ದರಿಂದ ಆತಂಕವೂ ಸರಿ.

‘ಅಡ್ಕ’ ಎಂದರೆ ಮುರಕಲ್ಲಿನ ಸಮತಟ್ಟು ಬಯಲು. ಆ ಎರಡಕ್ಷರ ಹೋದರೆ ನೆಲದ ಗುಣ ಹೇಳುತ್ತಿದ್ದ ಗುರುತು ಹೋಗುತ್ತದೆ. ‘ಪಿಲಿ’ ತುಳುವಿನ ಹುಲಿ, ‘ಕುಂಜ’ ಗುಡ್ಡ. ‘ಕುನ್ನು’ ಎಂದರೂ ಗುಡ್ಡವೇ. ಅರ್ಥ ಉಳಿಯಿತು, ಯಾವ ಮಾತನಾಡುವವರು ಆ ಗುಡ್ಡದಲ್ಲಿ ಹುಲಿ ಕಂಡರು ಎಂಬುದು ಹೋಯಿತು. ಇದಕ್ಕೆ ಮಲಯಾಳಂ ಭಾಷಿಕರ ಉತ್ತರವನ್ನೂ ಕೇಳಬೇಕು. ಇಲ್ಲಿ ನಾವೂ ತಲೆಮಾರುಗಳಿಂದ ಇದ್ದೇವೆ, ನಮ್ಮ ಬಾಯಲ್ಲಿ ಈ ಊರುಗಳಿಗೆ ನಮ್ಮ ರೂಪಗಳಿವೆ ಎಂಬುದು ಅವರ ಮಾತು. ಹೊಸದುರ್ಗಕ್ಕೆ ಪುದಿಯಕೋಟ ಎನ್ನುವುದು ನಿನ್ನೆ ಹುಟ್ಟಿದ ರೂಢಿಯಲ್ಲ, ಎರಡರ ಅರ್ಥವೂ ಒಂದೇ. ತುಳು, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲವೂ ಬೆರೆತ ಸೀಮೆಯಲ್ಲಿ ಒಂದೇ ರೂಪ ಇರಬೇಕೆಂಬ ಹಟ ಸರಿಯಲ್ಲ. ಆದರೆ ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿರುವಾಗ, ಕನ್ನಡದ ಫಲಕದ ಮೇಲಾದರೂ ಕನ್ನಡದ ರೂಪ ಇರಬೇಕಲ್ಲವೇ? ಸರಿಯಾದ ರೂಪ ಯಾವುದೆಂದು ಜಗಳವಾಡಬೇಕಾಗಿಯೂ ಇಲ್ಲ. 1956ರ ನವೆಂಬರ್ 1ರವರೆಗೆ ಈ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಹಳೆಯ ಕಂದಾಯ ದಾಖಲೆಗಳು ಕನ್ನಡದಲ್ಲಿವೆ. ಅವನ್ನು ತೆರೆದು ನೋಡುವುದು ಯಾರ ಕೆಲಸ ಎಂದು ಗೊತ್ತುಮಾಡಿಲ್ಲ, ಅಷ್ಟೆ. ಮಹಜರಿನಲ್ಲಿ ಬಿಟ್ಟುಹೋದ ಕಲ್ಲಿನ ಕಥೆಯೇ ಇಲ್ಲೂ.

ಎಂಜಿನಿಯರರ ವಾದ

ರಸ್ತೆ ಕಟ್ಟುವವರ ಮಾತನ್ನು ತಳ್ಳಿಹಾಕುವಂತಿಲ್ಲ. ವೇಗದ ರಸ್ತೆಯ ಅಂಚಿನಲ್ಲಿ ಅಲುಗದ ಕಲ್ಲು, ಕಟ್ಟೆ ಇದ್ದರೆ ವಾಹನ ಅದಕ್ಕೆ ಬಡಿದು ಜನ ಸಾಯುತ್ತಾರೆ. ಇಕ್ಕಟ್ಟಿನ ಹಳೆಯ ದಾರಿಯಲ್ಲಿ ಹೋದ ಜೀವಗಳೂ ಕಡಿಮೆಯಲ್ಲ. ಒಂದೊಂದು ಕಲ್ಲಿಗೂ ಕೆಲಸ ನಿಲ್ಲಿಸಿದರೆ ಯೋಜನೆ ಮುಗಿಯುವುದಿಲ್ಲ ಎಂಬುದು ಅವರ ಇನ್ನೊಂದು ವಾದ. ಪುರಾತತ್ವ ಇಲಾಖೆಯವರು ತಮ್ಮಲ್ಲಿ ಜನವಿಲ್ಲ, ಪಟ್ಟಿಯಲ್ಲಿರುವುದನ್ನು ನೋಡಿಕೊಳ್ಳುವುದೇ ಕಷ್ಟ ಎನ್ನುತ್ತಾರೆ. ಮೇಲಿನ 248ರ ಅಂಕಿ ನೋಡಿದರೆ ಅದೂ ಸುಳ್ಳಲ್ಲ. ಊರಿನ ಹಿರಿಯರು ಕಲ್ಲು ಇದ್ದಲ್ಲೇ ಇರಬೇಕು, ಮ್ಯೂಸಿಯಮ್ಮಿನ ಮೂಲೆ ಸೇರಿದ ಮೈಲಿಗಲ್ಲು ಯಾವ ಊರಿಗೆ ಎಷ್ಟು ದೂರ ಹೇಳುತ್ತದೆ ಎಂದು ಕೇಳುತ್ತಾರೆ.

ಈ ಮೂರು ವಾದಗಳೂ ಕೂಡುವ ಜಾಗ ಒಂದಿದೆ. ಕೃಷ್ಣಾ ನದಿಯ ಅಣೆಕಟ್ಟುಗಳಿಗಾಗಿ ನಾಗಾರ್ಜುನಕೊಂಡದ ಅವಶೇಷಗಳನ್ನು, ಕೂಡಲಿ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಬೇರೆಡೆ ನಿಲ್ಲಿಸಿದ ದೇಶ ಇದು. ಒಂದು ಮೈಲಿಗಲ್ಲನ್ನು 20 ಮೀಟರ್ ಸರಿಸಿ ಅದೇ ಗ್ರಾಮದ ಸರ್ವಿಸ್ ರಸ್ತೆಯ ಬದಿ, ಇಲ್ಲವೇ ಶಾಲೆಯ ಅಂಗಳದಲ್ಲಿ ನಿಲ್ಲಿಸಲು ಯೋಜನೆ ನಿಲ್ಲಬೇಕಾಗಿಲ್ಲ. ಆದರೆ ಸರಿಸುವ ಮೊದಲು ಅದು ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು, ಏನು ಬರೆದಿತ್ತು ಎಂದು ದಾಖಲಾಗಿರಬೇಕು. ಅದಕ್ಕೆ ಬೇಕಾದದ್ದು ಒಂದು ಕಾಲಂ. ಭೂಸ್ವಾಧೀನದ ಜಂಟಿ ಪರಿಶೀಲನೆಯ ನಮೂನೆಯಲ್ಲಿ, ತೆಂಗು ಮತ್ತು ಬಾವಿಯ ಕೆಳಗೆ, ‘ನೂರು ವರ್ಷ ದಾಟಿರಬಹುದಾದ ಕಲ್ಲು, ಕಟ್ಟೆ, ಬರಹ’ ಎಂದು ಒಂದು ಸಾಲು ಸೇರಿದರೆ, ಅಲ್ಲಿ ನಿಂತ ಸರ್ವೆಯರ್ ‘ಇಲ್ಲ’ ಎಂದು ಬರೆಯುವ ಮೊದಲಾದರೂ ಒಮ್ಮೆ ಸುತ್ತ ನೋಡಬೇಕಾಗುತ್ತದೆ. ಫೋಟೋ, ಅಳತೆ, ಜಿಪಿಎಸ್ ಗುರುತು ಮೊಬೈಲಿನಲ್ಲೇ ಆಗುವ ಕೆಲಸ. ಅದರ ಒಂದು ಪ್ರತಿ ಪುರಾತತ್ವ ಇಲಾಖೆಗೆ, ಇನ್ನೊಂದು ಪಂಚಾಯಿತಿಗೆ ಹೋದರೆ, ಆಕ್ಷೇಪಣೆಯ 21 ದಿನಗಳಲ್ಲಿ ಊರಿನವರಿಗೆ ಮಾತನಾಡಲು ಒಂದು ಕಾಗದವಾದರೂ ಇರುತ್ತದೆ.

ಮುಂದಿನ ದಾರಿಗಳು

ಹೆದ್ದಾರಿ 66ರ ಮಟ್ಟಿಗೆ ಇದು ತಡವಾದ ಮಾತು. ಆದರೆ ಕೇರಳದ ಮಲೆನಾಡು ಹೆದ್ದಾರಿ ಆರಂಭವಾಗುವುದು ನಮ್ಮ ನಂದಾರಪದವಿನಿಂದ. ಕರಾವಳಿ ಹೆದ್ದಾರಿಯ ಉತ್ತರದ ತುದಿ ಕುಂಜತ್ತೂರು. ಮಲೆನಾಡಿನ ದಾರಿ ಹೋಗುವ ಪೈವಳಿಕೆ, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ನೀರು ತಂದ ಸುರಂಗಗಳಿವೆ. ಅವುಗಳಲ್ಲಿ ಅನೇಕವು ಇಂದಿಗೂ ತೋಟಕ್ಕೆ ನೀರು ಕೊಡುತ್ತಿವೆ. ಗುಡ್ಡದ ಹೊಟ್ಟೆಯೊಳಗೆ ಎಲ್ಲಿಯವರೆಗೆ ಹೋಗಿವೆ ಎಂದು ಮೇಲಿನಿಂದ ನೋಡಿದರೆ ತಿಳಿಯದು, ತೋಡಿದವರ ಮನೆಯವರನ್ನೇ ಕೇಳಬೇಕು. ಆ ಹಿರಿಯರ ಸಂಖ್ಯೆ ವರ್ಷ ವರ್ಷ ಕಡಿಮೆಯಾಗುತ್ತಿದೆ.

ಇನ್ನೊಂದು ಅವಕಾಶ ಈಗಲೇ ಬಾಗಿಲಲ್ಲಿ ನಿಂತಿದೆ. 2022ರ ನವೆಂಬರ್ 1ರಂದು ಕೇರಳ ಡಿಜಿಟಲ್ ಮರುಸರ್ವೆ ಆರಂಭಿಸಿತು. ಅದರ ‘ಎಂಟೆ ಭೂಮಿ’ (ನನ್ನ ಭೂಮಿ) ಎಂಬ ಭೂದಾಖಲೆಗಳ ಪೋರ್ಟಲ್ ಮೊದಲು ಜಾರಿಗೆ ಬಂದದ್ದು ಮಂಜೇಶ್ವರ ತಾಲೂಕಿನ ಗ್ರಾಮವೊಂದರಲ್ಲೇ. ಸರ್ವೆ ಸಿಬ್ಬಂದಿ ಗ್ರಾಮದ ಪ್ರತಿ ಜಾಗದ ಗಡಿಯನ್ನೂ ಯಂತ್ರದಿಂದ ಅಳೆಯುತ್ತಿದ್ದಾರೆ. ಇಷ್ಟು ಜನ ಸರ್ಕಾರಿ ನೌಕರರು ಇಷ್ಟು ಹತ್ತಿರದಿಂದ ಈ ನೆಲವನ್ನು ನೋಡುವ ಸಂದರ್ಭ ಮತ್ತೆ ಒಂದು ತಲೆಮಾರಿನ ಮಟ್ಟಿಗೆ ಬರಲಾರದು. ಅವರ ಕೈಯಲ್ಲಿರುವ ಸಾಧನಕ್ಕೆ ಕಲ್ಲಿನ ಸ್ಥಾನ ಗುರುತಿಸಲು ಕೆಲವು ನಿಮಿಷ ಸಾಕು. ಪಂಚಾಯಿತಿಗಳು ಗ್ರಾಮಸಭೆಯಲ್ಲಿ ತಮ್ಮ ಊರಿನ ಕಟ್ಟೆ, ಸುರಂಗ, ಹಳೆಯ ಕಲ್ಲು, ಹೆಸರಿನ ಕನ್ನಡ ಮತ್ತು ತುಳು ರೂಪಗಳ ಪಟ್ಟಿ ಮಾಡಿ, ಸರ್ವೆಯ ಕರಡು ಇನ್ನೂ ತಿದ್ದುಪಡಿಗೆ ತೆರೆದಿರುವಾಗಲೇ ಸರ್ವೆ ಕಚೇರಿಗೆ ಕೊಡಬಹುದು.